ಅತ್ತಿಗೆ ಬರೆದಿಟ್ಟ ಹದಿನೇಳು ಎಲೆ

ನಮ್ಮ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಅಳತೆಗೆ ಟೇಪು ನೆಚ್ಚಿಕೊಂಡ ದರ್ಜಿಯಲ್ಲ. ಬಾಗಿಲಲ್ಲಿ ನಿಂತ ಹೆಂಗಸನ್ನು ಒಂದು ಸಲ ನೋಡಿ, "ಮೂವತ್ತಾರು, ಎಡಗಡೆ ಭುಜ ಒಂಚೂರು ಇಳಿದಿದೆ" ಅಂದುಬಿಡುತ್ತಿದ್ದರು. ಆಮೇಲೆ ಟೇಪು ಹಿಡಿದರೆ ಮೂವತ್ತಾರೇ ಬರುತ್ತಿತ್ತು. ಬಂದವರಿಗೆ ನಂಬಿಕೆ ಇರಲಿ ಅಂತ ಟೇಪನ್ನು ಕೊರಳಿಗೆ ಹಾಕಿಕೊಂಡಿರುತ್ತಿದ್ದರು, ಅಷ್ಟೆ. ಅಂಥ ಕಣ್ಣನ್ನು ಹಾಳು ಮಾಡಿದವನು ನಾನು. ಹೇಗೆ ಅಂತ ಹೇಳಲಿಕ್ಕೇ ಕೂತಿದ್ದೇನೆ. ಹೇಳುವಾಗ ಮುಖ ಬಿಸಿಯಾಗುತ್ತದೆ, ಆಗಲಿ, ಆಗಬೇಕಾದ್ದೇ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅತ್ತಿಗೆ ಮದುವೆಯಾಗಿ ಬಂದ ವಾರದೊಳಗೇ ನನಗೆ ಮೆಣಸಿನಕಾಯಿ ಅಂತ ಹೆಸರಿಟ್ಟರು. ಆಗ ನನಗೆ ಹದಿನಾಲ್ಕು. ಈಗ ತಲೆ ನರೆತಿದ್ದರೂ ಹೆಸರು ಬದಲಾಗಿಲ್ಲ. ಇಪ್ಪತ್ತೆರಡು ವರ್ಷ ಹೂವಿನ ಸಸಿ ಮಾರುವ ನರ್ಸರಿಯಲ್ಲಿ ದುಡಿದೆ. ಒಂದು ಟ್ರೇಯಲ್ಲಿ ಎಪ್ಪತ್ತೆರಡು ಗುಳಿ, ಗುಳಿಗೊಂದು ಸಸಿ. ಕೊಳ್ಳುವವರಿಗೆ ಎಪ್ಪತ್ತೆರಡೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿರಬೇಕು. ಒಂದರ ಎಲೆ ಉದ್ದವಾಯಿತೋ, ಇನ್ನೊಂದರದು ಸುರುಟಿತೋ, ಅದು ಬೆರಕೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಬುಡ ಹಿಡಿದು ಎತ್ತಿದರೆ ಮುಗಿಯಿತು. ಖಾಲಿಯಾದ ಗುಳಿಗೆ ಬೇರೆ ಟ್ರೇಯಿಂದ ಒಳ್ಳೆಯ ಸಸಿ ತಂದು ಕೂರಿಸುವುದು. ಮಾತಾಡುತ್ತಾ, ನಗುತ್ತಾ, ಆಕಳಿಸುತ್ತಾ ಕೀಳುತ್ತಿದ್ದೆ. ಬೆರಕೆ ಕೀಳುವುದರಲ್ಲಿ ನನ್ನದು ಎತ್ತಿದ ಕೈ.

ನರ್ಸರಿ ಮುಚ್ಚಿದ ಮೇಲೆ, ಗಿಡಗಳ ಸಂಶೋಧನೆ ಮಾಡುವ ಒಂದು ಸಂಸ್ಥೆಯಲ್ಲಿ ಗಾಜಿನ ಮನೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿ ಯಜಮಾನಿಕೆ ದೊಡ್ಡ ಸರ್ ಅವರದು. ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯನ್ನು ನಾವು ಸಣ್ಣ ಮೇಡಂ ಅನ್ನುತ್ತಿದ್ದೆವು. ಮೊದಲ ದಿನವೇ ಸಣ್ಣ ಮೇಡಂ ನನಗೆ ಹೇಳಿದರು, "ಇಲ್ಲಿ ಏನನ್ನೂ ಕೀಳ್ಬೇಡಿ. ನಿಮ್ಮ ನರ್ಸರೀಲಿ ಯಾವುದನ್ನ ಬೆರಕೆ ಅಂತಿದ್ರೋ, ನಮಗೆ ಅದೇ ಬೇಕು." ನಾನು ತಲೆಯಾಡಿಸಿದೆ. ತಲೆಗೆ ಅರ್ಥವಾಯಿತು. ಬೆರಳಿಗೆ ಹೇಳುವವರು ಯಾರೂ ಇರಲಿಲ್ಲ.

ಅವರು ಬೆಳೆಸುತ್ತಿದ್ದದ್ದು ಗೋಡೆಯ ಬಿರುಕಿನಲ್ಲಿ, ಚರಂಡಿ ಪಕ್ಕದಲ್ಲಿ ಹುಟ್ಟುವ ಒಂದು ಕಳೆಗಿಡ. ಗೇಣುದ್ದ ಬೆಳೆದರೆ ಹೆಚ್ಚು. ಅದರ ಎಲೆ ಒಂದೇ ಎಲೆಯಲ್ಲ. ಒಂದು ದಂಟಿನ ಎರಡೂ ಬದಿಗೆ ಚಿಕ್ಕಚಿಕ್ಕ ಎಲೆಗಳಾಗಿ ಸೀಳಿಕೊಂಡಿರುತ್ತದೆ. ಅದರದೇ ನೆಂಟ ಗಿಡ ಇನ್ನೊಂದಿದೆ, ಅದರ ಎಲೆ ಚಮಚದ ಹಾಗೆ ಇಡಿಯಾಗಿರುತ್ತದೆ. ಒಂದೇ ವಂಶದವರಲ್ಲಿ ಒಬ್ಬರ ಎಲೆ ಸೀಳು, ಒಬ್ಬರದು ಇಡಿ ಯಾಕೆ ಅನ್ನುವುದೇ ಸಣ್ಣ ಮೇಡಂ ಅವರ ಪ್ರಶ್ನೆ. ಇದಕ್ಕೆ ಐದು ವರ್ಷ ಓದಬೇಕೇ ಅಂತ ನಾನು ಮನಸ್ಸಿನಲ್ಲೇ ನಕ್ಕಿದ್ದೆ.

ಎರಡು ವರ್ಷದ ನಂತರ ಅವರಿಗೆ ಎಲೆ ಬಿಡಿಸಲು ಒಬ್ಬರು ಬೇಕಾದರು. ಗಿಡದ ಎಲೆಗಳನ್ನು ಹುಟ್ಟಿದ ಕ್ರಮದಲ್ಲೇ ಒಂದೊಂದಾಗಿ ಕತ್ತರಿಸಿ, ಹರಿಯದಂತೆ ಬಿಡಿಸಿ, ಬಿಳಿ ಕಾಗದಕ್ಕೆ ಅಂಟಿಸಿ ಸ್ಕ್ಯಾನ್ ಮಾಡಬೇಕು. ಜೊತೆಗೆ ಬೀಜದ ಪೊಟ್ಟಣ ತುಂಬಿ, ಟ್ರೇಗಳಿಗೆ ನಂಬರಿನ ಕಡ್ಡಿ ಬರೆದು ಚುಚ್ಚಬೇಕು. ನಮ್ಮ ಬೀದಿಯ ತುದಿಯಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ಬಂದ ಮೇಲೆ ಅತ್ತಿಗೆಗೆ ಬರುತ್ತಿದ್ದದ್ದು ಜಿಪ್ಪು ಬದಲಿಸುವುದು, ಅಂಚು ಮಡಿಸುವುದು, ಅಷ್ಟೇ. "ನಮ್ಮ ಅತ್ತಿಗೆ ಇದ್ದಾರೆ, ಅವರ ಕೈ ನೋಡಿ ಆಮೇಲೆ ಹೇಳಿ" ಅಂದೆ. ಅತ್ತಿಗೆ ಬಂದು, ಉಗುರಿಗಿಂತ ಚಿಕ್ಕ ಎಲೆಯೊಂದನ್ನು ಒಂದು ಸುಕ್ಕೂ ಇಲ್ಲದೆ ಕಾಗದಕ್ಕೆ ಕೂರಿಸಿದರು. ಸಣ್ಣ ಮೇಡಂ ಮರುಮಾತಾಡದೆ ಒಪ್ಪಿಕೊಂಡರು.

ಅತ್ತಿಗೆ ಸುಮ್ಮನೆ ಕೆಲಸ ಮಾಡುವ ಹೆಂಗಸಲ್ಲ. ಮಾಡುವುದು ಏನು ಅಂತ ತಿಳಿಯಬೇಕು. ಒಂದು ಮಧ್ಯಾಹ್ನ ಎಲೆಯೊಂದನ್ನು ಬೆಳಕಿಗೆ ಹಿಡಿದು ಕೇಳಿದರು, "ಇದನ್ನ ಕತ್ತರಿಸೋದು ಯಾರು ಮೇಡಂ?"

"ಯಾರೂ ಕತ್ತರಿಸಲ್ಲ ಅಕ್ಕ. ಎಲೆ ಹುಟ್ಟುವಾಗ ಅಂಚೆಲ್ಲ ನೆಟ್ಟಗೇ ಇರುತ್ತೆ. ಒಂದು ಜೀನ್ ಇದೆ, ಅದು ಅಂಚಿನಲ್ಲಿ ಅಲ್ಲಲ್ಲಿ 'ನೀನು ಬೆಳೀಬೇಡ, ನಿಧಾನ' ಅನ್ನುತ್ತೆ. ಅಲ್ಲಿ ಹಳ್ಳ ಬೀಳುತ್ತೆ. ಪಕ್ಕದ್ದು ಬೆಳೆದು ಮುಂದೆ ಹೋಗುತ್ತೆ. ಹೀಗೆ ಸೀಳಾಗುತ್ತೆ. ಆ ಜೀನ್ ಕೆಟ್ಟಿದ್ರೆ ತಡೆಯೋರೇ ಇಲ್ಲ, ಎಲೆ ಇಡಿಯಾಗುತ್ತೆ."

ಅತ್ತಿಗೆ ಎಲೆಯ ಅಂಚಿನ ಮೇಲೆ ಉಗುರು ಓಡಿಸಿದರು. "ಹಾಗಾದ್ರೆ ಚೂರು ಬೀಳಲ್ಲ. ನಾನು ಇಷ್ಟು ವರ್ಷ ಎಷ್ಟು ಚೂರು ಗುಡಿಸಿ ಎಸೆದೆ ನೋಡಿ."

ಸಣ್ಣ ಮೇಡಂ ಬಿದ್ದುಬಿದ್ದು ನಕ್ಕರು. ಅಂದಿನಿಂದ ಅವರಿಬ್ಬರಿಗೂ ಒಳ್ಳೆಯ ಸ್ನೇಹ. ಅತ್ತಿಗೆಯ ಗುಂಡಿ ಡಬ್ಬದಿಂದ ಕೆಂಪು, ಬಿಳಿ ಗುಂಡಿ ತರಿಸಿಕೊಂಡು ಲೆಕ್ಕ ಹೇಳಿಕೊಟ್ಟರು. ಪ್ರತಿ ಸಸಿಗೂ ಅಪ್ಪನಿಂದ ಒಂದು ಗುಂಡಿ, ಅಮ್ಮನಿಂದ ಒಂದು ಗುಂಡಿ. ಕೆಂಪು ಅಂದರೆ ಸರಿಯಿರುವ ಜೀನ್, ಬಿಳಿ ಅಂದರೆ ಕೆಟ್ಟದ್ದು. ಒಂದು ಕೆಂಪು ಇದ್ದರೂ ಎಲೆ ಸೀಳುತ್ತದೆ. ಎರಡೂ ಬಿಳಿ ಬಂದರೆ ಮಾತ್ರ ಇಡಿ. ಸೀಳೆಲೆಯ ಗಿಡಕ್ಕೂ ಅದೇ ಜಾತಿಯಲ್ಲಿ ಜೀನ್ ಕೆಟ್ಟು ಇಡಿ ಎಲೆಯಾದ ಗಿಡಕ್ಕೂ ಕೂಡಿಸಿದರೆ ಮಕ್ಕಳೆಲ್ಲ ಸೀಳು; ಮೊಮ್ಮಕ್ಕಳಲ್ಲಿ ನಾಲ್ಕಕ್ಕೊಂದು ಇಡಿ ಬರಬೇಕು. ಬಂದರೆ ಇಷ್ಟಕ್ಕೆಲ್ಲ ಒಂದೇ ಜೀನ್ ಕಾರಣ ಅಂತಾಯಿತು. ಆ ಮೊಮ್ಮಕ್ಕಳ ಟ್ರೇಯ ನಂಬರು ನಲವತ್ತಮೂರು. ಸಣ್ಣ ಮೇಡಂ ಅವರ ಎರಡು ವರ್ಷ ಆ ಎಪ್ಪತ್ತೆರಡು ಗುಳಿಯಲ್ಲಿತ್ತು. ಕಡ್ಡಿ ಬರೆದವರು ಅತ್ತಿಗೆ.

ಅತ್ತಿಗೆ ಹತ್ತಿರ ಒಂದು ಪುಸ್ತಕವಿತ್ತು. ಗಿರಾಕಿಗಳ ಅಳತೆ ಬರೆಯುವ ಉದ್ದನೆಯ ಪುಸ್ತಕ. ಅದರ ಹಿಂದಿನ ಹಾಳೆಗಳಲ್ಲಿ ಕಣ್ಣಿಗೆ ಹೊಸದಾಗಿ ಕಂಡ ಎಲೆಗಳ ಚಿತ್ರವನ್ನೆಲ್ಲ ಪೆನ್ಸಿಲಿನಲ್ಲಿ ಬರೆದು, ಪಕ್ಕದಲ್ಲಿ ಟ್ರೇಯ ನಂಬರು, ಗುಳಿಯ ನಂಬರು ಹಾಕುತ್ತಿದ್ದರು. ಯಾರೂ ಹೇಳಿದ್ದಲ್ಲ, ಅವರ ಖುಷಿಗೆ.

ಇನ್ನು ನನ್ನ ಪ್ರತಾಪ. ಮಾರನೆಯ ದಿನ ಹೊರಗಿನಿಂದ ದೊಡ್ಡವರು ಗಾಜಿನ ಮನೆ ನೋಡಲು ಬರುವವರಿದ್ದರು. ಸಂಜೆ ನಾಲ್ಕಕ್ಕೆ ದೊಡ್ಡ ಸರ್ ಒಂದು ಸುತ್ತು ಹಾಕಿ, "ಏನ್ರೀ ಇದು, ಹೀಗಾ ಇಟ್ಕೊಳ್ಳೋದು?" ಅಂದು ಹೋದರು. ನನಗೆ ನೆತ್ತಿಗೇರಿತು. ನಾನು ಇಟ್ಟ ಟ್ರೇಗೆ ಹೆಸರಿಡುವವರು ಇಪ್ಪತ್ತೆರಡು ವರ್ಷದಲ್ಲಿ ಹುಟ್ಟಿರಲಿಲ್ಲ. ಎಲ್ಲರನ್ನೂ ಮನೆಗೆ ಕಳಿಸಿ, ಒಬ್ಬನೇ ಬಾಗಿಲ ಕಡೆಯಿಂದ ಶುರುಮಾಡಿದೆ. ಸತ್ತ ಎಲೆ ತೆಗೆದೆ, ಪಾಚಿ ಕೆರೆದೆ, ಸಾಲು ಸರಿಮಾಡಿದೆ, ಬಾಯಲ್ಲಿ ದೊಡ್ಡ ಸರ್‌ಗೆ ಸಹಸ್ರನಾಮ. ಒಂದು ಟ್ರೇಯಲ್ಲಿ ಸೀಳೆಲೆಗಳ ನಡುವೆ ಅಲ್ಲೊಂದು ಇಲ್ಲೊಂದು ದುಂಡನೆಯ ಸಸಿ. ಬೆರಳು ಹೋಯಿತು. ಕಿತ್ತು ಬಕೆಟ್ಟಿಗೆ ಹಾಕಿದೆ, ಹಿಂದಿನ ಮೇಜಿನಲ್ಲಿದ್ದ ಹೆಚ್ಚುವರಿ ಸೀಳೆಲೆಯ ಟ್ರೇಯಿಂದ ಸಸಿ ತಂದು ಗುಳಿ ತುಂಬಿದೆ, ನೀರು ಚಿಮುಕಿಸಿದೆ. ಟ್ರೇ ನೋಡಲು ಲಕ್ಷಣವಾಗಿತ್ತು. ಕಡ್ಡಿಗೆ ಮಣ್ಣು ಮೆತ್ತಿತ್ತು. ಒರೆಸಿದೆ. ನಲವತ್ತಮೂರು.

ಓಡಿ ಹೋಗಿ ಕೆದಕಿ ನೋಡಿದೆ. ಬಕೆಟ್ಟಿನಲ್ಲಿ ಸಸಿಗಳು ಕೆಸರಿಗೆ ಕೆಸರಾಗಿ ಬೆರೆತಿದ್ದವು, ಒಂದೂ ನೆಟ್ಟಗಿರಲಿಲ್ಲ. ಸಣ್ಣ ಮೇಡಂ ಇನ್ನೂ ಮೇಲಿನ ಕೋಣೆಯಲ್ಲಿದ್ದರು, ದೀಪ ಕಾಣುತ್ತಿತ್ತು. ಹೋಗಿ ಹೇಳಿದ್ದರೆ ಆಗ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ಉಳಿದ ಬೀಜ ಬಿತ್ತಬಹುದಿತ್ತು. ಹೋಗಲಿಲ್ಲ. ನಲ್ಲಿ ಸರಿಯಾಗಿ ತಿರುಗಿಸದವರ ಮೇಲೂ ಹಾರಾಡುವವನು ನಾನು. ನಾನೇ ಹೋಗಿ ತಲೆ ತಗ್ಗಿಸಿ ನಿಲ್ಲುವುದೇ? ಬಕೆಟ್ಟನ್ನು ಗೊಬ್ಬರದ ಗುಂಡಿಗೆ ಸುರಿದೆ. ಹೆಚ್ಚುವರಿ ಟ್ರೇಯಲ್ಲಿ ಉಳಿದದ್ದನ್ನೂ ಸುರಿದೆ. ಕೈ ತೊಳೆದುಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಮೊದಲು ಬಂದವರು ಅತ್ತಿಗೆ. ನೇರವಾಗಿ ನಲವತ್ತಮೂರರ ಹತ್ತಿರ ಹೋಗಿ ಬಗ್ಗಿ ನೋಡಿ, ನನ್ನ ಕಡೆ ತಿರುಗಿದರು. "ಏ ಮೆಣಸಿನಕಾಯಿ, ಇದರಲ್ಲಿದ್ದ ಗುಂಡೆಲೆ ಎಲ್ಲಿ?"

"ಯಾವ ಗುಂಡೆಲೆ?" ಅಂದೆ.

ಮುಖ ನೋಡಿಕೊಂಡೇ ಅಂದೆ. ಅವರು ಮತ್ತೆ ಟ್ರೇ ನೋಡಿದರು, ಮತ್ತೆ ನನ್ನನ್ನು ನೋಡಿದರು.

ವಾರದ ನಂತರ ಸಣ್ಣ ಮೇಡಂ ಎಣಿಸಿದಾಗ ಎಪ್ಪತ್ತೆರಡೂ ಸೀಳು. ಅವರ ಮುಖ ಬಿಳುಚಿಕೊಂಡಿತು. ದೊಡ್ಡ ಸರ್ ಬಂದು ಲೆಕ್ಕ ಹಾಕಿದರು: ಇದು ನಲವತ್ತಮೂರಲ್ಲ, ಹೆಚ್ಚುವರಿ ಟ್ರೇ, ಕಡ್ಡಿ ಅದಲುಬದಲಾಗಿದೆ, ನಿಜವಾದ ನಲವತ್ತಮೂರನ್ನು ಹೆಚ್ಚುವರಿ ಅಂತ ಎಸೆದಿದ್ದಾರೆ. ಕಡ್ಡಿ ಬರೆದವರು ಯಾರು? ಅತ್ತಿಗೆ ತಮ್ಮ ಅಳತೆ ಪುಸ್ತಕ ತಂದು ಬಿಡಿಸಿ ತೋರಿಸಿದರು. "ನಾನು ನೋಡಿದ್ದೀನಿ ಸರ್. ಇದೇ ಟ್ರೇಲಿ ಇಡಿ ಎಲೆ ಇತ್ತು, ಬರೆದೂ ಇಟ್ಟಿದ್ದೀನಿ." ದೊಡ್ಡ ಸರ್ ಗದರಲಿಲ್ಲ, ಗದರಿದ್ದರೇ ಚೆನ್ನಾಗಿತ್ತು. ತುಂಬಾ ಮೃದುವಾಗಿ, "ಕಡ್ಡೀಲಿ ನಂಬರ್ ತಪ್ಪಿದ ಹಾಗೇ ಪುಸ್ತಕದಲ್ಲೂ ತಪ್ಪಿದೆಯಮ್ಮ" ಅಂದರು. ಆಮೇಲೆ ನನ್ನನ್ನು ಕೇಳಿದರು, "ನೀವು ದಿನಾ ನೀರು ಹಾಕ್ತೀರಲ್ಲ, ಈ ಟ್ರೇಲಿ ಇಡಿ ಎಲೆ ನೋಡಿದ್ರಾ?"

"ಇಲ್ಲ ಸರ್" ಅಂದೆ. ಅತ್ತಿಗೆಯ ತಲೆ ಮೇಲೆ ಗೂಬೆ ಕೂರಿಸಲು ಅಷ್ಟೇ ಸಾಕಾಯಿತು.

ಅತ್ತಿಗೆ ತುಂಬಿದ ಬೀಜದ ಪೊಟ್ಟಣಗಳನ್ನೂ ನಂಬುವಂತಿಲ್ಲ ಅಂತ ಅಷ್ಟನ್ನೂ ಎಸೆದರು. ಸಣ್ಣ ಮೇಡಂ ಮತ್ತೆ ಮೊದಲಿನಿಂದ ಗಿಡ ಕೂಡಿಸಲು ಹೊರಟರು. ತಿಂಗಳ ಕೊನೆಗೆ ಅತ್ತಿಗೆಯನ್ನು ಬರಬೇಡಿ ಅಂದರು. ಗೇಟಿನವರೆಗೆ ನಾನೇ ಜೊತೆಗೆ ಹೋದೆ. ಅಲ್ಲಿ ಅವರು ನಿಂತು ನನ್ನ ತೋಳು ಮುಟ್ಟಿದರು. "ನೀನು ಹೇಳಿ ಸೇರಿಸಿದ್ದೆ. ನಿನ್ನ ಮಾನ ಕಳೆದುಬಿಟ್ಟೆ ಕಣೋ. ಮನಸ್ಸಿಗೆ ಹಚ್ಕೋಬೇಡ."

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದಿತ್ತೇ ಅನ್ನಿಸಿತು. "ಹೋಗಲಿ ಬಿಡಿ ಅತ್ತಿಗೆ" ಅಂದೆ. ನಾನು ಅವರನ್ನು ಕ್ಷಮಿಸಿದ ಹಾಗಾಯಿತು. ಇದಕ್ಕಿಂತ ಹೇಸಿಗೆ ಮಾತನ್ನು ನಾನು ಜೀವಮಾನದಲ್ಲಿ ಆಡಿಲ್ಲ.

ಒಂಬತ್ತು ತಿಂಗಳು ಕಳೆಯಿತು. ಅಣ್ಣನ ಮನೆ ನಮ್ಮ ಬೀದಿಯಲ್ಲೇ, ಎಂಟು ಬಾಗಿಲು ಆಚೆ. ಆದರೂ ಆ ಕಡೆ ತಲೆ ಹಾಕಲಿಲ್ಲ. ಕೆಲಸ ಜಾಸ್ತಿ ಅಂತ ಹೇಳಿಕೊಂಡು ಹಿಂದಿನ ರಸ್ತೆಯಿಂದ ಓಡಾಡಿದೆ. ಒಂದು ದಿನ ಗಾಜಿನ ಮನೆಯಲ್ಲಿ ಸಣ್ಣ ಮೇಡಂ ಕುಣಿಯುವುದೊಂದು ಬಾಕಿ. ಹೊಸ ಟ್ರೇಯಲ್ಲಿ ಎಪ್ಪತ್ತೆರಡರಲ್ಲಿ ಹತ್ತೊಂಬತ್ತು ಇಡಿ ಎಲೆ. ನಾಲ್ಕಕ್ಕೊಂದು. ಒಂದೇ ಜೀನ್. ಎಲ್ಲರಿಗೂ ಸಿಹಿ ಹಂಚಿದರು. "ಸದ್ಯ, ಕಡ್ಡಿ ಈ ಸಲ ನಾನೇ ಬರೆದೆ" ಅಂದು ನಕ್ಕರು. ಉಳಿದವರೂ ನಕ್ಕರು. ನಾನು ಸಿಹಿಯನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಅಲ್ಲಿಗೆ ನನ್ನ ತಪ್ಪಿನಿಂದ ಕೆಟ್ಟದ್ದೆಲ್ಲ ಸರಿಹೋಗಿತ್ತು. ನಾನಿನ್ನು ಬಾಯಿ ಬಿಡದಿದ್ದರೂ ಯಾರಿಗೂ ನಷ್ಟವಿಲ್ಲ ಅಂತ ಲೆಕ್ಕ ಹಾಕಿಕೊಂಡೆ. ಎಂಥ ಲೆಕ್ಕ ನೋಡಿ.

ಆ ಭಾನುವಾರ ಅಣ್ಣ ನಮ್ಮ ಮನೆಗೆ ಬಂದ. ಅವನು ಮೆತ್ತಗಿನ ಮನುಷ್ಯ, ಬಸ್ ಡಿಪೋದಲ್ಲಿ ಗುಮಾಸ್ತ. ಹೊಸ ಪ್ಯಾಂಟು ಹಾಕಿದ್ದ. ಅಂಚು ಒಂದು ಕಾಲಿಗೆ ಮೇಲೆ, ಒಂದು ಕಾಲಿಗೆ ಕೆಳಗೆ.

"ಇದೇನಣ್ಣ, ಅತ್ತಿಗೆ ನಿದ್ದೆಗಣ್ಣಲ್ಲಿ ಹೊಲಿದ್ರಾ?"

"ನಿಮ್ಮ ಅತ್ತಿಗೆ ಹೊಲಿದದ್ದಲ್ಲಪ್ಪ. ಹೊರಗೆ ಕೊಟ್ಟು ಹೊಲಿಸಿದ್ದು."

ಅತ್ತಿಗೆ ಮದುವೆಯಾಗಿ ಬಂದಾಗಿನಿಂದ ಅಣ್ಣನ ಬಟ್ಟೆಗೆ ಬೇರೆಯವರ ಸೂಜಿ ತಾಕಿದ್ದನ್ನು ನಾನು ಕಂಡಿರಲಿಲ್ಲ.

"ಕತ್ತರಿ ಮುಟ್ಟೋದು ಬಿಟ್ಟು ಒಂಬತ್ತು ತಿಂಗಳಾಯ್ತು" ಅಂದ ಅಣ್ಣ. "ಯಾರಾದರೂ ಬಟ್ಟೆ ತಂದ್ರೆ ವಾಪಸ್ಸು ಕಳಿಸ್ತಾಳೆ. ಕಣ್ಣು ಕೆಟ್ಟಿದೆ ಅಂದ್ಲು, ಡಾಕ್ಟರ ಹತ್ರ ಕರ್ಕೊಂಡು ಹೋದೆ. ಕಣ್ಣು ಚೆನ್ನಾಗೇ ಇದೆ ಅಂದ್ರು. ಆಚೆ ಬಂದು ಏನಂದ್ಲು ಗೊತ್ತಾ? ಕಣ್ಣು ಸರಿ ಇದ್ರೆ ತಲೆ ಕೆಟ್ಟಿರಬೇಕು, ಇಲ್ಲದ್ದು ಕಾಣ್ತಿದೆ ನನಗೆ ಅಂದ್ಲು. ನೀನೊಂದು ಸಲ ಬಂದು ಮಾತಾಡು. ನಿನ್ನ ಮಾತು ಕೇಳ್ತಾಳೆ."

ನನ್ನ ಮಾತು ಕೇಳಿದ್ದೇ ಅವರಿಗೆ ಮುಳುವಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ಅಣ್ಣನ ಹಿಂದೆ ಹೊರಟೆ. ಎಂಟು ಬಾಗಿಲು ದಾಟಲು ಒಂದು ಯುಗವಾಯಿತು.

ಹೊಲಿಗೆ ಯಂತ್ರದ ಮೇಲೆ ಹಳೆ ಬೆಡ್‌ಶೀಟು ಹೊದಿಸಿ, ಅದರ ಮೇಲೆ ಔಷಧಿ ಡಬ್ಬ, ದಿನಪತ್ರಿಕೆ ಇಟ್ಟಿದ್ದರು. ಅತ್ತಿಗೆ ಸೊರಗಿ ಹೋಗಿದ್ದರು. "ಬಂದೆಯಾ ಮೆಣಸಿನಕಾಯಿ, ದಾರಿ ಮರೆತಿದ್ದೆ ಅಂದ್ಕೊಂಡೆ" ಅಂದು ಕುರ್ಚಿ ಎಳೆದರು. ನಾನು ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಮಾತು ಹಾರುತ್ತದೆ. ನಿಂತೇ ಹೇಳಿದೆ. ನಾಲ್ಕು ಗಂಟೆಯ ಸಿಟ್ಟು, ಬೆರಳು, ಬಕೆಟ್ಟು, ಗೊಬ್ಬರದ ಗುಂಡಿ. "ನಿಮ್ಮ ಕಡ್ಡಿ ಸರಿಯಾಗೇ ಇತ್ತು ಅತ್ತಿಗೆ. ಗುಂಡೆಲೆ ಇತ್ತು. ಕಿತ್ತಿದ್ದು ನಾನು."

ಅಣ್ಣ ಬಾಗಿಲಲ್ಲೇ ನಿಂತಿದ್ದ. ಅತ್ತಿಗೆ ಎದ್ದು ಒಳಗೆ ಹೋದರು. ಅಳಲು ಹೋದರೇನೋ ಅಂದುಕೊಂಡೆ. ಅಳತೆ ಪುಸ್ತಕ ಹಿಡಿದುಕೊಂಡು ಬಂದು ಹಿಂದಿನ ಹಾಳೆ ತೆರೆದು ನನ್ನ ಮುಂದೆ ಇಟ್ಟರು. ಸಾಲಾಗಿ ದುಂಡನೆಯ ಎಲೆಗಳು, ಒಂದೊಂದರ ಕೆಳಗೆ ನಲವತ್ತಮೂರು, ಗುಳಿಯ ನಂಬರು. ಒಂದೊಂದರ ಮೇಲೂ ಪೆನ್ನಿನಲ್ಲಿ ಅಡ್ಡಗೀಟು ಎಳೆದು, ಪಕ್ಕದಲ್ಲಿ 'ತಪ್ಪು' ಅಂತ ಬರೆದಿದ್ದರು. ಕೈಬರಹ ಅವರದೇ. ನನಗೆ ಅಳು ತಡೆಯಲಾಗಲಿಲ್ಲ. ಐವತ್ತು ದಾಟಿದ ಗಂಡಸು, ಔಷಧಿ ಡಬ್ಬದ ಪಕ್ಕದಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಅತ್ತಿಗೆ ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಅವತ್ತು ಬೆಳಿಗ್ಗೆ ನಾನು ಕೇಳ್ದೆ. ಯಾವ ಗುಂಡೆಲೆ ಅಂದೆ ನೀನು."

"ಅಂದೆ."

"ಆಮೇಲೆ ರಾತ್ರಿಯೆಲ್ಲ ನೆನೆಸ್ಕೊಂಡಿದ್ದೀನಿ. ಅವನು ಸುಳ್ಳು ಹೇಳೋನಲ್ಲ, ಬಾಯಿ ಜೋರು ಅಷ್ಟೇ. ಅವನು ಇಲ್ಲ ಅಂದ್ರೆ ಇರಲಿಲ್ಲ ಅಂತಲೇ ಅಂದ್ಕೊಂಡೆ. ನನ್ನ ಕಣ್ಣು ಬಿಟ್ಟು ನಿನ್ನನ್ನ ನಂಬಿದೆ." ಪುಸ್ತಕ ಮುಚ್ಚಿದರು. "ನಾಳೆ ನಾನೂ ಬರ್ತೀನಿ. ಅಲ್ಲಿ ಎಲ್ಲರ ಮುಂದೆ ಹೇಳು."

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಗಾಜಿನ ಮನೆಯ ಉದ್ದನೆಯ ಮೇಜಿನ ಒಂದು ಕಡೆ ದೊಡ್ಡ ಸರ್, ಸಣ್ಣ ಮೇಡಂ, ನೀರು ಹಾಕುವ ಇಬ್ಬರು ಹೆಂಗಸರು. ನಾನೇ ಎಷ್ಟೋ ಸಲ ಬೈದ ಹೆಂಗಸರು. ಇನ್ನೊಂದು ಕಡೆ ನಾನು, ನನ್ನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಸೀರೆಯಲ್ಲಿ ಅತ್ತಿಗೆ. ಹೇಳಿದೆ. ಸಣ್ಣ ಮೇಡಂ ಕುರ್ಚಿ ಹುಡುಕಿ ಕೂತರು. "ಒಂಬತ್ತು ತಿಂಗಳು" ಅಂದರು, ಅಷ್ಟೆ. ಆಮೇಲೆ ಎದ್ದು ಬಂದು ಅತ್ತಿಗೆಯ ಕೈ ಹಿಡಿದುಕೊಂಡರು. "ಅಕ್ಕ, ನಾನು ನಿಮ್ಮನ್ನ ನಂಬಬೇಕಿತ್ತು." ಅತ್ತಿಗೆ ಕೈ ಬಿಡಿಸಿಕೊಳ್ಳಲಿಲ್ಲ, ಹೌದು ಅನ್ನಲೂ ಇಲ್ಲ.

"ಒಟ್ಟು ಎಷ್ಟು ಕಿತ್ರಿ?" ದೊಡ್ಡ ಸರ್ ನನ್ನನ್ನು ಕೇಳಿದರು.

"ಹನ್ನೆರಡೋ, ಹದಿಮೂರೋ ಇರಬೇಕು ಸರ್."

"ಹದಿನೇಳು" ಅಂದರು ಅತ್ತಿಗೆ. ಪುಸ್ತಕವನ್ನು ಮೇಜಿನ ಮೇಲಿಟ್ಟರು. "ಎರಡನೇ ಗುಳಿಯಿಂದ ಅರವತ್ತೊಂಬತ್ತನೇ ಗುಳಿವರೆಗೆ. ಒಂದೊಂದೂ ಬರೆದಿದೆ, ನೋಡ್ಕೊಳ್ಳಿ."

ಎಪ್ಪತ್ತೆರಡಕ್ಕೆ ಹದಿನೇಳು. ನಾಲ್ಕಕ್ಕೊಂದರ ಲೆಕ್ಕ ಅವತ್ತೇ ಆ ಪುಸ್ತಕದಲ್ಲಿತ್ತು. ದೊಡ್ಡ ಸರ್ ಕನ್ನಡಕ ತೆಗೆದು ಅಡ್ಡಗೀಟುಗಳನ್ನು ನೋಡುತ್ತಾ ನಿಂತರು. ನನ್ನನ್ನು ಏನು ಮಾಡುವುದು ಅಂತ ಆಮೇಲೆ ಹೇಳುತ್ತೇನೆ ಅಂದರು. ಮಾಡಲಿ. ಅತ್ತಿಗೆಗೆ ನಾಳೆಯಿಂದ ಬನ್ನಿ ಅಂದರು. ಅತ್ತಿಗೆ, "ಇಲ್ಲ ಸರ್, ಮನೇಲಿ ಯಜಮಾನರ ಪ್ಯಾಂಟು ಬಿಚ್ಚಿ ಹೊಲೀಬೇಕು" ಅಂದರು. ಸಣ್ಣ ಮೇಡಂ ನಗಲು ನೋಡಿ ಅತ್ತುಬಿಟ್ಟರು.

ಎಲ್ಲ ಮುಗಿಯಿತು ಅಂತ ನಾನು ಬಾಗಿಲ ಕಡೆ ತಿರುಗಿದೆ. ಅತ್ತಿಗೆ ಅಲ್ಲೇ ನಿಂತಿದ್ದರು.

"ಹೇಗೆ ಕಿತ್ತೆ? ತೋರಿಸು."

"ಅತ್ತಿಗೆ..."

"ತೋರಿಸು, ನೋಡ್ಬೇಕು ನನಗೆ."

ನೀರು ಹಾಕುವ ಹೆಂಗಸರು, ದೊಡ್ಡ ಸರ್, ಸಣ್ಣ ಮೇಡಂ, ಎಲ್ಲರೂ ನೋಡುತ್ತಿದ್ದರು. ನಾನು ಕೈ ಚಾಚಿದೆ. ಖಾಲಿ ಗಾಳಿಯಲ್ಲಿ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಒಂದು ಸಲ ಮೇಲಕ್ಕೆ ಎತ್ತಿದೆ. ಅರ್ಧ ಕ್ಷಣವೂ ಹಿಡಿಯಲಿಲ್ಲ.

ಅತ್ತಿಗೆ ನನ್ನ ಬೆರಳುಗಳನ್ನೇ ನೋಡಿದರು.

"ಇಷ್ಟೇನಾ?"

"ಇಷ್ಟೇ ಅತ್ತಿಗೆ" ಅಂದೆ.